ಕಾರಿಗೆ ಕೋಟಿಂಗ್ ಹಚ್ಚಿದ ಬಟ್ಟೆಯನ್ನು ತೊಳೆದು ಇಟ್ಟುಕೊಳ್ಳಬೇಡಿ ಮಾರಾಯ್ರೆ

ಕಾರಿಗೆ ವ್ಯಾಕ್ಸ್, ಪಾಲಿಷ್, ಕೋಟಿಂಗ್ ಎಲ್ಲ ಮನೆಯಲ್ಲೇ ಹಚ್ಚುವವರು ಇದನ್ನು ಒಮ್ಮೆ ಓದಿ. ಹೆಚ್ಚೆಂದರೆ 20-30 ರೂಪಾಯಿಯ ಬಟ್ಟೆ ತುಂಡು ಉಳಿಸಲು ಹೋಗಿ ನಾನು ಬಾನೆಟ್ ಹಾಳು ಮಾಡಿಕೊಂಡೆ.

ನಮ್ಮದು ಕಡು ನೀಲಿ ಕಾರು. ಮನೆ ಸುರತ್ಕಲ್ ಕಡೆ. ಸಮುದ್ರದ ಉಪ್ಪುಗಾಳಿ ಸೀದಾ ಅಂಗಳಕ್ಕೆ ಬರುತ್ತದೆ. ಅದಕ್ಕೇ ಮಾರ್ಚ್‌ನಲ್ಲಿ ಒಂದು ಸಣ್ಣ ಬಾಟಲಿ ಸೆರಾಮಿಕ್ ಕೋಟಿಂಗ್ (ಬಣ್ಣದ ಮೇಲೆ ಗಟ್ಟಿ ಪದರ ಕಟ್ಟುವ ದ್ರವ) ತರಿಸಿ ನಾನೇ ಹಚ್ಚಿದೆ. ಅದರ ಜೊತೆ ಒಂದು ಫೋಮ್ ಬ್ಲಾಕು, ಅದಕ್ಕೆ ಸುತ್ತಲು ನಾಲ್ಕು ಸ್ಯೂಡ್ (ಮೆತ್ತಗಿನ, ನುಣುಪು ಜಾತಿಯ) ಬಟ್ಟೆ ತುಂಡು ಬಂದಿತ್ತು. ಕೆಲಸ ಚೆನ್ನಾಗಿಯೇ ಆಯಿತು. ಎಡವಿದ್ದು ಕೆಲಸ ಮುಗಿದ ಮೇಲೆ. ಬಟ್ಟೆ ತುಂಡುಗಳು ಹೊಸದರ ಹಾಗೇ ಕಾಣುತ್ತಿದ್ದವು, ಬಿಸಾಡಲು ಮನಸ್ಸು ಬರಲಿಲ್ಲ. ಬಾವಿಕಟ್ಟೆ ಹತ್ತಿರ ಬಕೆಟಿನಲ್ಲಿ ನೆನೆ ಹಾಕಿ, ಸೋಪು ಹಚ್ಚಿ ತಿಕ್ಕಿ, ಒಣಗಿಸಿ, ಒಂದು ಪ್ಲಾಸ್ಟಿಕ್ ತೊಟ್ಟೆಯಲ್ಲಿ ಕಟ್ಟಿ ಇಟ್ಟೆ. ಅದೇ ತೊಟ್ಟೆಯಲ್ಲಿ ವ್ಯಾಕ್ಸ್ ಹಚ್ಚುವ ದುಂಡು ಸ್ಪಂಜು, ಮೈಕ್ರೋಫೈಬರ್ ಪ್ಯಾಡು, ಟೈರಿಗೆ ಹೊಳಪು ಬರಿಸುವ ಟೈರ್ ಶೈನ್ ಹಚ್ಚುವ ಸ್ಪಂಜು, ಎಲ್ಲ ಒಟ್ಟಿಗೆ.

ಆಮೇಲೆ ಮಳೆಗಾಲ. ನಮ್ಮೂರಿನದು ಗೊತ್ತಲ್ಲ, ಬೀರುವಿನೊಳಗಿನ ಬೆಲ್ಟಿಗೂ ಬೂಷ್ಟು ಹಿಡಿಯುತ್ತದೆ. ಆಯುಧ ಪೂಜೆಯ ಹಿಂದಿನ ಸಂಜೆ ತೊಟ್ಟೆ ಬಿಚ್ಚಿದರೆ ಗಬ್ಬು ವಾಸನೆ. ದುಂಡು ಸ್ಪಂಜಿನ ಮೇಲೆಲ್ಲ ಕಪ್ಪು ಚುಕ್ಕಿ, ಹಿಂಡಿದರೆ ಪುಡಿಪುಡಿ ಉದುರಿತು. ಅದನ್ನು ಬಿಸಾಡಿದೆ. ಸ್ಯೂಡ್ ಬಟ್ಟೆ ಮಾತ್ರ ಚಂದ ಇತ್ತು. ಸ್ವಲ್ಪ ಬಿರುಸಾಗಿತ್ತು, ಅಷ್ಟೇ. ಬಿಸಿಲಿಗೆ ಒಣಗಿದ ಬೈರಾಸು ಬಿರುಸಾಗುವುದಿಲ್ವಾ, ಹಾಗೆಯೇ ಇರಬೇಕು ಅಂದುಕೊಂಡೆ. ಬ್ಲಾಕಿಗೆ ಸುತ್ತಿ, ಲಿಕ್ವಿಡ್ ವ್ಯಾಕ್ಸ್ ಹಾಕಿ, ಪೋರ್ಟಿಕೋದ ಟ್ಯೂಬ್‌ಲೈಟಿನಲ್ಲಿ ಬಾನೆಟ್ ಪೂರ್ತಿ ಉಜ್ಜಿದೆ. ಉಜ್ಜುವಾಗ ಸಣ್ಣದಾಗಿ ಸರ್ ಸರ್ ಅಂತ ಶಬ್ದ ಬರುತ್ತಿತ್ತು. ಆ ಶಬ್ದ ಕೇಳಿದ್ದೇ ಕೈ ನಿಲ್ಲಿಸಬೇಕಿತ್ತು. ನಿಲ್ಲಿಸಲಿಲ್ಲ.

ಮರುದಿನ ಕಾರು ತೆಗೆದುಕೊಂಡು ಕಟೀಲಿಗೆ ಹೋದೆವು. ಬಿಸಿಲಿನಲ್ಲಿ ನಿಲ್ಲಿಸಿ ಹೂವಿನ ಮಾಲೆ ಕಟ್ಟುವಾಗ ಭಾವ ಬಾನೆಟನ್ನೇ ನೋಡುತ್ತಾ ನಿಂತರು. "ಎಂತ ಮಾರಾಯಾ, ತೆಂಗಿನ ನಾರು ಹಾಕಿ ತಿಕ್ಕಿದ್ದಾ?" ಅಂದರು. ಜೇಡರ ಬಲೆ ಹರಡಿದ ಹಾಗೆ ಸುತ್ತು ಸುತ್ತು ಗೀರುಗಳು, ನನ್ನ ಕೈ ಆಡಿದ ದಾರಿಯಲ್ಲೇ. ಟ್ಯೂಬ್‌ಲೈಟಿನಲ್ಲಿ ಒಂದೂ ಕಂಡಿರಲಿಲ್ಲ. ಕಡು ಬಣ್ಣದ ಕಾರಿನಲ್ಲಿ ಬಿಸಿಲು ಏನನ್ನೂ ಮುಚ್ಚಿಡುವುದಿಲ್ಲ.

ಬೈಕಂಪಾಡಿ ಕಡೆ ಪೇಂಟಿಂಗ್ ಮಾಡುವ ಒಬ್ಬ ಹಿರಿಯರ ಹತ್ತಿರ ಹೋದೆ. ಅವರು ಮೊದಲು ಕಾರು ನೋಡಲಿಲ್ಲ. "ಎಂತದ್ರಲ್ಲಿ ಹಚ್ಚಿದ್ದು? ಆ ಬಟ್ಟೆ ಉಂಟಾ?" ಎಂದು ಕೇಳಿದರು. ಕೊಟ್ಟೆ. ಹೆಬ್ಬೆರಳಿನಲ್ಲಿ ಸವರಿ ನೋಡಿ, ಒಳಗಿನಿಂದ ಒಂದು ಹಳೇ ಸಿಡಿ ತಂದು, ಅದರ ಹೊಳೆಯುವ ಬದಿಗೆ ಬಟ್ಟೆಯನ್ನು ಎರಡು ಸಲ ಉಜ್ಜಿದರು. ಸಿಡಿಯ ಮೇಲೂ ನನ್ನ ಬಾನೆಟಿನದೇ ಗೀರು! "ಇದು ಬಟ್ಟೆ ಅಲ್ಲ ಸರ್ ಈಗ, ಸ್ಯಾಂಡ್‌ಪೇಪರ್" ಎಂದರು.

ಆದದ್ದು ಇಷ್ಟು. ಸೆರಾಮಿಕ್ ಕೋಟಿಂಗ್ ವ್ಯಾಕ್ಸಿನ ಹಾಗಲ್ಲ. ಗಾಳಿಯ ತೇವಕ್ಕೆ ಅದು ಗಟ್ಟಿಯಾಗುತ್ತದೆ, ಗಾಜಿನ ಪದರದ ಹಾಗೆ. ಕಾರಿನ ಮೇಲೆ ಆಗುವುದೇ ಬಟ್ಟೆಯ ಎಳೆಗಳ ಒಳಗೂ ಆಗುತ್ತದೆ. ಒಮ್ಮೆ ಗಟ್ಟಿಯಾದರೆ ಸೋಪಿಗೂ ಹೋಗುವುದಿಲ್ಲ, ಬಿಸಿನೀರಿಗೂ ಹೋಗುವುದಿಲ್ಲ. ನಾನು ಬಕೆಟಿನಲ್ಲಿ ನೆನೆ ಹಾಕಿದ್ದರಿಂದ ಅದು ಬೇಗ ಗಟ್ಟಿಯಾಗಲು ಸಹಾಯವೇ ಆಯಿತು. ಎಷ್ಟು ಚೆನ್ನಾಗಿ ತೊಳೆದಿದ್ದೆ ಅಂತ ಹೆಮ್ಮೆ ಬೇರೆ! ಹಾಗಾಗಿ ಕೋಟಿಂಗ್ ಹಚ್ಚಿದ ಬಟ್ಟೆ ಆ ದಿನವೇ ಕಸಕ್ಕೆ. ದೊಡ್ಡ ಕಾರಾದರೆ ನಡುವೆಯೇ ತುಂಡು ಬದಲಿಸಬೇಕು. ಬ್ಲಾಕನ್ನು ಇಟ್ಟುಕೊಳ್ಳಬಹುದು, ಅದಕ್ಕೆ ಕೋಟಿಂಗ್ ಇಳಿದಿರದಿದ್ದರೆ.

ಗೀರು ತೆಗೆಯಲು ಅವರಿಂದಲೇ ಬಫಿಂಗ್ (ಮೆಷಿನಿನಲ್ಲಿ ಉಜ್ಜಿ ಪಾಲಿಷ್) ಮಾಡಿಸಿದೆ, 2,500 ರೂಪಾಯಿ. ಮಾರ್ಚ್‌ನಲ್ಲಿ ಹಚ್ಚಿದ ಕೋಟಿಂಗ್ ಕೂಡ ಬಾನೆಟಿನಿಂದ ಅದರ ಜೊತೆಯೇ ಹೋಯಿತು. ಎರಡು ಆಳದ ಗೀರನ್ನು ಅವರು ಮುಟ್ಟಲಿಲ್ಲ. ಬಣ್ಣದ ಮೇಲಿನ ಪಾರದರ್ಶಕ ಪದರ, ಕ್ಲಿಯರ್ ಕೋಟ್, ಸಾಮಾನ್ಯವಾಗಿ 40-50 ಮೈಕ್ರಾನ್, ತಲೆಕೂದಲಿಗಿಂತ ತೆಳು. ಪ್ರತಿ ಬಫಿಂಗಿಗೂ ಅದು ಸ್ವಲ್ಪ ಸವೆಯುತ್ತದೆ. "ಇರಲಿ ಬಿಡಿ, ಮುಂದಕ್ಕೆ ಬೇಕಾಗ್ತದೆ" ಎಂದರು. ಸರಿ ಅನ್ನಿಸಿತು.

ಇದಕ್ಕಿಂತ ಹೆದರಿಕೆಯದ್ದು ಇನ್ನೊಂದು. ತೊಟ್ಟೆಯಲ್ಲಿ ಟೈರ್ ಶೈನ್ ಸ್ಪಂಜು ಇತ್ತು ಅಂದೆನಲ್ಲ, ಅದರ ಸಿಲಿಕೋನ್ ಎಣ್ಣೆ ಪಕ್ಕದ ಮೈಕ್ರೋಫೈಬರ್ ಪ್ಯಾಡಿಗೆ ಇಳಿದಿತ್ತು. ಅದೇ ಪ್ಯಾಡಿನಲ್ಲಿ ಮುಂದಿನ ಗಾಜು ಒರೆಸಿದ್ದೆ. ಕಟೀಲಿನಿಂದ ವಾಪಸ್ ಬರುವಾಗ ಕತ್ತಲಾಗಿತ್ತು, ಕಿನ್ನಿಗೋಳಿ ಹತ್ತಿರ ಗುಡುಗು ಮಳೆ ಹಿಡಿಯಿತು. ವೈಪರ್ ಆಡಿದಷ್ಟೂ ಗಾಜಿನ ಮೇಲೆ ಹಾಲಿನ ಕೆನೆಯ ಹಾಗೆ ಪದರ. ಎದುರಿನ ಬಸ್ಸಿನ ಲೈಟು ಇಡೀ ಗಾಜಿಗೆ ಹರಡಿ ರಸ್ತೆಯೇ ಕಾಣಲಿಲ್ಲ. ಹಿಂದಿನ ಸೀಟಿನಲ್ಲಿ ಅಮ್ಮ, ಅಕ್ಕನ ಮಗು. ಬದಿಗೆ ಹಾಕಿ ಮಳೆ ಬಿಡುವ ತನಕ ಸುಮ್ನೆ ಕೂತೆವು. ಟೈರಿನ ಸ್ಪಂಜು ಟೈರಿಗೆ ಮಾತ್ರ. ತೊಳೆಯುವ ಬಕೆಟೂ ಬೇರೆ, ಡಬ್ಬವೂ ಬೇರೆ. ಬ್ರೇಕ್ ಪೆಡಲಿನ ಹತ್ತಿರವಂತೂ ಅದನ್ನು ತರಲೇಬೇಡಿ.

ವ್ಯಾಕ್ಸ್ ಹಚ್ಚುವ ಫೋಮ್, ಮೈಕ್ರೋಫೈಬರ್ ಪ್ಯಾಡುಗಳನ್ನು ತೊಳೆದು ಮತ್ತೆ ಬಳಸಬಹುದು, ಅದರಲ್ಲಿ ತಪ್ಪಿಲ್ಲ. ಆದರೆ ಬಳಸಿದ ದಿನವೇ ತೊಳೆಯಬೇಕು. ಕುದಿಯುವ ನೀರು ಬೇಡ. ಕಾರ್ನೌಬಾ ವ್ಯಾಕ್ಸ್ (ಒಂದು ಜಾತಿಯ ತಾಳೆ ಎಲೆಯ ಮೇಣ) ಕರಗುವುದೇ 80 ಡಿಗ್ರಿಗಿಂತ ಮೇಲೆ, ಅಷ್ಟು ಬಿಸಿಯಲ್ಲಿ ಮೈಕ್ರೋಫೈಬರ್ ಎಳೆಗಳೇ ಹಾಳಾಗುತ್ತವೆ. ಉಗುರುಬೆಚ್ಚಗಿನ ನೀರು, ಪಾತ್ರೆ ತೊಳೆಯುವ ಲಿಕ್ವಿಡ್, ಅರ್ಧ ಗಂಟೆ ನೆನೆ. ಆಮೇಲೆ ಅಂಗೈಯಲ್ಲಿ ಒತ್ತಿ ಒತ್ತಿ ತೆಗೆಯಿರಿ, ತಿರುಚಿ ಹಿಂಡಬೇಡಿ. ಸೋಪಿನ ಪುಡಿ ಬೇಡ, ಕರಗದ ಹರಳು ಒಳಗೆ ಕೂತುಬಿಡುತ್ತದೆ. ಒಮ್ಮೆ ಅಮ್ಮ ನನ್ನ ಪ್ಯಾಡುಗಳನ್ನು ಬೈರಾಸು, ಲುಂಗಿಗಳ ಜೊತೆ ಮೆಷಿನ್ನಿಗೆ ಹಾಕಿ, ಬಟ್ಟೆಗೆ ಪರಿಮಳ ಬರಲಿ ಅಂತ ಕಂಡೀಷನರ್ ಕೂಡ ಹಾಕಿದ್ದರು. ಪರಿಮಳವೇನೋ ಬಂತು. ಆದರೆ ಹತ್ತಿಯ ನೂಲೆಲ್ಲ ಪ್ಯಾಡಿಗೆ ಅಂಟಿಕೊಂಡಿತ್ತು, ಕಂಡೀಷನರಿನ ಜಿಡ್ಡಿಗೆ ಅವು ನೀರನ್ನೂ ಹೀರುತ್ತಿರಲಿಲ್ಲ.

ಇಲ್ಲಿಯವರಿಗೆ ತಾಪತ್ರಯ ಒಣಗಿಸುವುದರಲ್ಲೇ ಜಾಸ್ತಿ. ಒಗೆಯುವ ಕಲ್ಲಿನ ಮೇಲೆ ಹರವಿದರೆ ಕೆಂಪು ಕಲ್ಲಿನ ಪುಡಿ ಹಿಡಿಯುತ್ತದೆ, ಬಚ್ಚಲ ಒಲೆಯ ಮೇಲೆ ತೂಗು ಹಾಕಿದರೆ ಬೂದಿ, ಮಸಿ. ನಾನೀಗ ಒಳಗೆ ಫ್ಯಾನಿನ ಕೆಳಗೆ ಎರಡು ದಿನ ಬಿಡುತ್ತೇನೆ. ಒತ್ತಿದರೆ ತಂಪು ತಾಗಿದರೆ ಇನ್ನೂ ಒಣಗಿಲ್ಲ ಅಂತ ಲೆಕ್ಕ. ಆಮೇಲಷ್ಟೇ ಡಬ್ಬಕ್ಕೆ. ಮಳೆಗಾಲದ ನಾಲ್ಕು ತಿಂಗಳು ವ್ಯಾಕ್ಸ್ ಕೆಲಸವೇ ಇಟ್ಟುಕೊಳ್ಳುವುದಿಲ್ಲ. ನೆಲಕ್ಕೆ ಬಿದ್ದ ಪ್ಯಾಡನ್ನು ಮತ್ತೆ ಬಣ್ಣಕ್ಕೆ ತಾಗಿಸುವುದಿಲ್ಲ, ಅದು ಚಕ್ರ ಒರೆಸಲಿಕ್ಕೆ.

ಆ ಹಿರಿಯರು ಸಿಡಿಯನ್ನು ನನಗೇ ಕೊಟ್ಟು ಕಳಿಸಿದರು. ಹೊಳೆಯುವ ಬದಿಯಲ್ಲಿ ಸ್ವಲ್ಪ ಜಾಗ ಇನ್ನೂ ಗೀರಿಲ್ಲದೆ ಉಂಟು. ತೊಳೆದ ಪ್ಯಾಡನ್ನು ಈಗ ಮೊದಲು ಅದರ ಮೇಲೆ ಉಜ್ಜಿ ನೋಡುತ್ತೇನೆ, ಬಿಸಿಲಿಗೆ ಹಿಡಿದು.