ನಾಲ್ಕು ವರ್ಷ, ನಾಲ್ಕು ಡ್ರೈನ್: ನನ್ನ ಕಸ್ಟಮ್ ವಾಟರ್‌ಕೂಲಿಂಗ್ ಲೂಪ್

ಕಂಪ್ಯೂಟರಿನ ಬಿಸಿಯನ್ನು ದ್ರವ ಸುತ್ತಿಸಿ ಹೊರಹಾಕುವ ಈ ಲೂಪ್ ಕಟ್ಟಿದ್ದು 2021ರ ಜೂನ್‌ನಲ್ಲಿ. ಒಳಗೆ ರೈಜನ್ 9 5950ಎಕ್ಸ್ ಪ್ರೊಸೆಸರ್ (ಸಿಪಿಯು), ಆರ್‌ಟಿಎಕ್ಸ್ 3080 ಗ್ರಾಫಿಕ್ಸ್ ಕಾರ್ಡ್. ಎರಡಕ್ಕೂ ಚಿಪ್‌ನ ಬಿಸಿಯನ್ನು ದ್ರವಕ್ಕೆ ದಾಟಿಸುವ ನಿಕಲ್ ಲೇಪದ ತಾಮ್ರದ ಬ್ಲಾಕ್, 360 ಮತ್ತು 240 ಮಿ.ಮೀ. ಅಳತೆಯ ಎರಡು ರೇಡಿಯೇಟರ್, ದ್ರವವನ್ನು ತಿರುಗಿಸಲು ಡಿ5 ಮಾದರಿಯ ಒಂದು ಪಂಪ್. ನನ್ನದು ಕಟ್ಟಡಗಳ ತ್ರೀಡಿ ರೆಂಡರಿಂಗ್ ಕೆಲಸ. ಮಷೀನು ರಾತ್ರಿಯಿಡೀ ಓಡುತ್ತದೆ, ಪಕ್ಕದ ಕೋಣೆಯಲ್ಲಿ ಅಮ್ಮ ಮಲಗುತ್ತಾರೆ. ಸದ್ದು ಕಡಿಮೆಯಾಗಲಿ ಅಂತಲೇ ನೀರಿನ ದಾರಿ ಹಿಡಿದೆ. ಆ ವಿಷಯದಲ್ಲಿ ಇವತ್ತಿಗೂ ಪೂರ್ತಿ ಸಮಾಧಾನವಿದೆ. 2024ರ ಏಪ್ರಿಲ್ ಕೊನೆಯಲ್ಲಿ ಬೆಂಗಳೂರಿನ ಬಿಸಿಲು 38 ಡಿಗ್ರಿ ದಾಟಿದಾಗಲೂ ಗ್ರಾಫಿಕ್ಸ್ ಕಾರ್ಡ್ 62ರ ಮೇಲೆ ಹೋಗಲಿಲ್ಲ.

ಆದರೆ ಕೊಳ್ಳುವ ಮುಂಚೆ ನಾನು ನೋಡಿದ ವಿಮರ್ಶೆಗಳೆಲ್ಲ ತಾಪಮಾನದ ಬಗ್ಗೆ, ದ್ರವದ ಬಣ್ಣದ ಬಗ್ಗೆ ಇದ್ದವು. ತುಂಬಿದ ದ್ರವವನ್ನು ಒಂದು ದಿನ ಹೊರಗೆ ತೆಗೆಯಬೇಕಾಗುತ್ತದೆ (ಅದೇ ಡ್ರೈನ್), ಆ ದಿನ ಹೇಗಿರುತ್ತದೆ ಅಂತ ಯಾರೂ ಹೇಳಿರಲಿಲ್ಲ. ಹಾಗಾಗಿ ಈ ವಿಮರ್ಶೆಯ ಬಹುಪಾಲು ಅದಕ್ಕೇ ಮೀಸಲು.

ಮೊದಲ ಸಲ ಹಾಕಿದ್ದು ಹಾಲಿನಂಥ ಬಿಳಿ ಕೂಲೆಂಟ್ (ಲೂಪ್‌ನಲ್ಲಿ ಸುತ್ತುವ ದ್ರವ), ಪಾರದರ್ಶಕ ಪಿವಿಸಿ ಟ್ಯೂಬ್. ನೋಡಲು ಬಹಳ ಚೆಂದ ಇತ್ತು. ಹದಿನಾಲ್ಕು ತಿಂಗಳಾಗುವಷ್ಟರಲ್ಲಿ ಗ್ರಾಫಿಕ್ಸ್ ಕಾರ್ಡ್ ಅದೇ ಕೆಲಸಕ್ಕೆ 54ರ ಬದಲು 66 ಡಿಗ್ರಿ ತೋರಿಸತೊಡಗಿತು. ರೇಡಿಯೇಟರ್‌ಗೆ ದೂಳು ಕಟ್ಟಿರಬೇಕು ಅಂದುಕೊಂಡು ಅದನ್ನು ಊದಿ ಒರೆಸಿದೆ, ಏನೂ ಬದಲಾಗಲಿಲ್ಲ. ಆಮೇಲೆ ಹೊಳೆಯಿತು: ಕೂಲೆಂಟ್‌ನ ತಾಪಮಾನ ಮೊದಲಿನಷ್ಟೇ ಇದೆ, ಚಿಪ್ ಮಾತ್ರ ಬಿಸಿಯಾಗುತ್ತಿದೆ. ಇದು ತಿಳಿದಿರಬೇಕಾದ ಗುಟ್ಟು. ದ್ರವವೇ ಬಿಸಿಯಾಗುತ್ತಿದ್ದರೆ ತೊಂದರೆ ರೇಡಿಯೇಟರ್ ಅಥವಾ ಫ್ಯಾನಿನದು. ದ್ರವಕ್ಕೂ ಚಿಪ್‌ಗೂ ನಡುವಿನ ಅಂತರ ಹೆಚ್ಚುತ್ತಿದ್ದರೆ ಬ್ಲಾಕ್ ಕಟ್ಟಿಕೊಂಡಿದೆ, ಇಲ್ಲವೇ ಚಿಪ್‌ಗೂ ಬ್ಲಾಕ್‌ಗೂ ನಡುವೆ ಹಚ್ಚುವ ಥರ್ಮಲ್ ಪೇಸ್ಟ್ ಒಣಗಿದೆ. ಲೂಪ್ ಕಟ್ಟುವವರು ಕೂಲೆಂಟ್‌ಗೆ ಒಂದು ತಾಪಮಾನದ ಸೆನ್ಸರ್ ಹಾಕಿಕೊಳ್ಳಲೇಬೇಕು. ಅದಿಲ್ಲದಿದ್ದರೆ ಇನ್ನೂ ಎರಡು ತಿಂಗಳು ನಾನು ದೂಳು ಒರೆಸುತ್ತಲೇ ಇರುತ್ತಿದ್ದೆ.

ಆ ಮೊದಲ ಡ್ರೈನ್ ನೆನೆದರೆ ಈಗಲೂ ಬೇಜಾರಾಗುತ್ತದೆ. ಲೂಪ್‌ನ ತಳದಲ್ಲಿ ವಾಲ್ವ್ ಇರಲಿಲ್ಲ. ಐನೂರು ರೂಪಾಯಿ ಚಿಲ್ಲರೆ ಉಳಿಸಲು ಹೋಗಿ ಅದನ್ನು ಬಿಟ್ಟಿದ್ದೆ. ಪಂಪ್‌ನ ಹತ್ತಿರದ ಫಿಟ್ಟಿಂಗ್ ಸಡಿಲಿಸಿ ಕೆಳಗೆ ಬೋಗುಣಿ ಹಿಡಿದೆ. ನಾಲ್ಕು ಹನಿ ಬಿದ್ದು ನಿಂತುಹೋಯಿತು. ಎಳನೀರಿನ ಕೊಳವೆಯ ಮೇಲ್ತುದಿಗೆ ಬೆರಳು ಒತ್ತಿ ಎತ್ತಿದರೆ ನೀರು ಒಳಗೇ ನಿಲ್ಲುತ್ತದಲ್ಲ, ಅದೇ ಕಥೆ. ಮೇಲಿನಿಂದ ಗಾಳಿ ಹೋಗದೆ ಕೆಳಗಿನಿಂದ ನೀರು ಬರುವುದಿಲ್ಲ. ಅದು ಗೊತ್ತಾಗಿ ದ್ರವ ತುಂಬುವ ಪುಟ್ಟ ತೊಟ್ಟಿಯ, ಅಂದರೆ ರಿಸರ್ವಾಯರ್‌ನ, ಮುಚ್ಚಳ ತೆಗೆದೆ, ಸಡಿಲವಾಗಿದ್ದ ಟ್ಯೂಬ್ ಒಮ್ಮೆಲೇ ಕಳಚಿಕೊಂಡು ಮುಕ್ಕಾಲು ಲೀಟರ್ ಬಿಳಿ ದ್ರವ ನೆಲಕ್ಕೆ, ಪವರ್ ಸಪ್ಲೈ ಮೇಲಕ್ಕೆ ಸುರಿಯಿತು. ಅಮ್ಮ ಬಾಗಿಲಲ್ಲಿ ನಿಂತು, 'ಏನೋ ಇದು, ಇಷ್ಟೊಂದು ಹಾಲು ಚೆಲ್ಲಿದೀಯ!' ಅಂದರು. ಪ್ಲಗ್ ಕಿತ್ತಿದ್ದರಿಂದ ಬಚಾವ್. ಆ ಪವರ್ ಸಪ್ಲೈಯನ್ನು ವಾರವಿಡೀ ಒಣಗಿಸಿದರೂ ನಂಬಿಕೆ ಬರಲಿಲ್ಲ, ಬದಲಾಯಿಸಿದೆ. ಉಳಿಸಿದ ಐನೂರಕ್ಕೆ ಎಂಟು ಸಾವಿರ ತೆತ್ತೆ.

ಬ್ಲಾಕ್ ಬಿಚ್ಚಿದಾಗ ಕಂಡದ್ದು: ಕೂದಲೆಳೆಯಷ್ಟು ಸಪೂರವಾದ ತಾಮ್ರದ ಗೆರೆಗಳ ಸಂದಿಯಲ್ಲಿ ಬಿಳಿ ಗಸಿ, ಅದರ ಮೇಲೆ ಅಂಟಂಟಾದ ಲೋಳೆ. ಗಸಿ ಬಂದದ್ದು ಕೂಲೆಂಟ್‌ನಿಂದ. ಬಿಳಿ ಬಣ್ಣ ಕೊಡುವ ಸೂಕ್ಷ್ಮ ಕಣಗಳು ದ್ರವದಲ್ಲಿ ಕರಗಿರುವುದಿಲ್ಲ, ತೇಲುತ್ತಿರುತ್ತವೆ, ಕಾಲಕ್ರಮದಲ್ಲಿ ಕೆಳಗೆ ಕೂರುತ್ತವೆ. ಲೋಳೆ ಬಂದದ್ದು ಟ್ಯೂಬ್‌ನಿಂದ. ಪಿವಿಸಿಯನ್ನು ಮೆದು ಮಾಡಲು ಬೆರೆಸುವ ಪ್ಲಾಸ್ಟಿಸೈಸರ್, ಬೆಚ್ಚಗಿನ ದ್ರವದಲ್ಲಿ ನಿಧಾನಕ್ಕೆ ಬಿಟ್ಟುಕೊಂಡು ಬ್ಲಾಕ್‌ನ ಸಂದಿಗಳಲ್ಲಿ ಸೇರಿಕೊಳ್ಳುತ್ತದೆ. ಟ್ಯೂಬ್‌ಗಳು ಮಬ್ಬಾಗಿದ್ದೂ ಅದಕ್ಕೇ.

ತಾಮ್ರದ ಚೊಂಬಿಗೆ ಹುಣಸೆಹಣ್ಣು ಹಾಕಿ ತಿಕ್ಕುವುದನ್ನು ನೋಡಿಕೊಂಡೇ ಬೆಳೆದವರು ನಾವು, ಕೈ ತಾನಾಗಿ ಅಡುಗೆಮನೆಯ ಕಡೆ ಹೋಗುತ್ತದೆ. ದಯವಿಟ್ಟು ಬೇಡ. ನಿಕಲ್ ಲೇಪಕ್ಕೆ ಹುಳಿ ಆಗಿಬರುವುದಿಲ್ಲ. ಲೇಪವಿಲ್ಲದ ಬರಿ ತಾಮ್ರವಾದರೂ ಹುಣಸೆಯ ನಾರು ಆ ಸಂದಿಗೆ ಸಿಕ್ಕಿಕೊಂಡರೆ ಹೊರಗೆ ಬರುವುದಿಲ್ಲ. ಬರಿ ತಾಮ್ರದ ಕಿಲುಬಿಗೆ ನೀರು ಬೆರೆಸಿದ ವಿನೆಗರ್ ಕೆಲವು ನಿಮಿಷ ಸಾಕು. ನಿಕಲ್‌ಗೆ ಬೆಚ್ಚಗಿನ ನೀರು, ಎರಡು ಹನಿ ಪಾತ್ರೆ ತೊಳೆಯುವ ಲಿಕ್ವಿಡ್, ಮಗುವಿನ ಮೆದು ಟೂತ್‌ಬ್ರಷ್. ಗೆರೆಗಳ ಉದ್ದಕ್ಕೇ ಉಜ್ಜಬೇಕು, ಅಡ್ಡಕ್ಕಲ್ಲ. ಬ್ಲಾಕ್‌ನ ಮೇಲಿನ ಪಾರದರ್ಶಕ ಮುಚ್ಚಳ ಅಕ್ರಿಲಿಕ್ ಆಗಿದ್ದರೆ ಅದಕ್ಕೆ ಸ್ಪಿರಿಟ್ ಸೋಕಿಸಲೇಬಾರದು, ಕೂದಲಿನಂಥ ಬಿರುಕು ಬಿಡುತ್ತದೆ. ಬಿಚ್ಚುವ ಮುಂಚೆ ಪ್ರತಿ ಹಂತದ ಫೋಟೋ ತೆಗೆದಿಡಿ. ಸಿಪಿಯು ಬ್ಲಾಕ್‌ನ ಒಳಗಿನ ಪುಟ್ಟ ತಗಡು ತಿರುಗುಮುರುಗಾಗಿ ಕೂತರೆ ಹರಿವು ಕೆಡುತ್ತದೆ.

ಆವತ್ತೇ ಮೂರು ವಸ್ತು ಬದಲಾಯಿಸಿದೆ. ಟ್ಯೂಬ್ ಕಪ್ಪು ಇಪಿಡಿಎಂ ರಬ್ಬರಿನದು, ಒಳವ್ಯಾಸ 10, ಹೊರವ್ಯಾಸ 16 ಮಿ.ಮೀ. ಕೂಲೆಂಟ್ ಬಣ್ಣವಿಲ್ಲದ ಪ್ರೊಪಿಲೀನ್ ಗ್ಲೈಕಾಲ್ ಮಿಶ್ರಣ. ತಳದಲ್ಲಿ ಜಿ1/4 ಅಳತೆಯ ತಿರುಪಿನ ಬಾಲ್ ವಾಲ್ವ್, ಅದರ ಬಾಯಿಗೆ ಸಿಕ್ಕಿಸಲು ಮೊಳದುದ್ದದ ಟ್ಯೂಬ್. ಇಪಿಡಿಎಂ ಟ್ಯೂಬ್ ಫಿಟ್ಟಿಂಗ್‌ಗೆ ಏರಿಸಲು ಹೆಬ್ಬೆರಳು ನೋಯುವಷ್ಟು ಬಿಗಿ, ಬಿಸಿನೀರಲ್ಲಿ ತುದಿ ಅದ್ದಿದರೆ ಸುಲಭ. ಅದು ಬೆಳಕು ಬಿಡುವುದಿಲ್ಲವಾದ್ದರಿಂದ ಪಾಚಿಗೂ ಅವಕಾಶ ಕಡಿಮೆ. ಮೂರು ವರ್ಷದಲ್ಲಿ ಲೋಳೆಯ ಸುಳಿವೇ ಇಲ್ಲ. ನೋಟಕ್ಕೆ ಮೋಟಾರಿನ ಹೋಸ್‌ಪೈಪಿನ ಹಾಗಿದೆ ನಿಜ, ನನಗೆ ಅದೇ ಇಷ್ಟವಾಗಿದೆ.

ಈಗ ಡ್ರೈನ್ ಅಂದರೆ ಆಯುಧಪೂಜೆಯ ಹಿಂದಿನ ವಾರದ ಕೆಲಸ. ಬೈಕು ತೊಳೆಯುವ ದಿನವೇ ಇದೂ ಆಗುತ್ತದೆ. ಪ್ಲಗ್ ತೆಗೆದು, ಅಣ್ಣನ ಸಹಾಯದಿಂದ ಕೇಸನ್ನು ಮೇಜಿನ ಅಂಚಿಗೆ ತಂದು, ಟ್ಯೂಬನ್ನು ಬಕೆಟ್ಟಿಗೆ ಇಳಿಬಿಟ್ಟು, ಮೊದಲು ವಾಲ್ವ್, ಆಮೇಲೆ ರಿಸರ್ವಾಯರ್‌ನ ಮುಚ್ಚಳ. ಐದು ನಿಮಿಷದಲ್ಲಿ ಬಹುಪಾಲು ಇಳಿಯುತ್ತದೆ. ಉಳಿದದ್ದು ರೇಡಿಯೇಟರ್‌ಗಳಲ್ಲಿ ಅಡಗಿರುತ್ತದೆ. 'ಅಣ್ಣಾ, ಸ್ವಲ್ಪ ನಿನ್ನ ಕಡೆ ಓಲಿಸು' ಅನ್ನುತ್ತ ಕೇಸನ್ನು ಮುಂದಕ್ಕೆ, ಹಿಂದಕ್ಕೆ, ಪಕ್ಕಕ್ಕೆ ವಾಲಿಸಿದರೆ ಇನ್ನೂರು ಮಿ.ಲೀ. ಬರುತ್ತದೆ. ನೀರು ಖಾಲಿಯಾದಾಗ ಪಂಪ್ ಓಡಿಸಿ 'ಉಳಿದದ್ದನ್ನೂ ತಳ್ಳಿಬಿಡೋಣ' ಅನ್ನುವ ಆಸೆ ಬರುತ್ತದೆ, ಅದನ್ನು ತಡೆಯಬೇಕು. ಡಿ5ರ ಬೇರಿಂಗ್‌ಗೆ ಆ ದ್ರವವೇ ಎಣ್ಣೆ. ಒಣದಾಗಿ ಓಡಿದರೆ ಬೇಗ ಹಾಳಾಗುತ್ತದೆ.

ಆಮೇಲೆ ಡಿಸ್ಟಿಲ್ಡ್ ವಾಟರ್ ತುಂಬಿ ಪಂಪ್ ಮಾತ್ರ ಅರ್ಧ ಗಂಟೆ ಓಡಿಸಿ ಮತ್ತೆ ಖಾಲಿ ಮಾಡುವುದು, ಎರಡು ಸಲ. ಇದಕ್ಕೆ ಮದರ್‌ಬೋರ್ಡ್, ಗ್ರಾಫಿಕ್ಸ್ ಕಾರ್ಡ್ ಎರಡರ ಪವರ್ ಕೇಬಲ್‌ಗಳನ್ನೂ ಕಿತ್ತು, ಪವರ್ ಸಪ್ಲೈಯ 24 ಪಿನ್ ಕೇಬಲ್‌ಗೆ, ಮದರ್‌ಬೋರ್ಡ್ ಇಲ್ಲದೆಯೂ ಅದು ಚಾಲೂ ಆಗುವಂತೆ ಮಾಡುವ ಜಂಪರ್ ಪ್ಲಗ್ ಹಾಕುತ್ತೇನೆ. ಪಂಪ್‌ಗೆ ಬಿಟ್ಟು ಬೇರೆಲ್ಲೂ ವಿದ್ಯುತ್ ಇಲ್ಲದಿದ್ದರೆ ಹನಿ ಬಿದ್ದರೂ ಒರೆಸಿ ಒಣಗಿಸಿದರೆ ಮುಗಿಯಿತು. ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಮಾರುಕಟ್ಟೆಯಾದ ಎಸ್‌.ಪಿ. ರೋಡಿನಲ್ಲಿ ಈ ಪ್ಲಗ್ ಅಗ್ಗಕ್ಕೆ ಸಿಗುತ್ತದೆ, ತಂತಿ ಬಗ್ಗಿಸಿ ಸಿಕ್ಕಿಸುವ ಸಾಹಸ ಬೇಕಿಲ್ಲ.

ನೀರಿನ ವಿಷಯದಲ್ಲಿ ನಾನು ಹಟಮಾರಿ. ಬೋರ್‌ವೆಲ್ ನೀರು ಬೇಡವೇ ಬೇಡ. ನಮ್ಮ ಗೀಸರ್ ಕಾಯಿಲ್ ಮೇಲೆ ಕಟ್ಟುವ ಬಿಳಿ ಪದರ ಬ್ಲಾಕ್‌ನೊಳಗೂ ಕಟ್ಟುತ್ತದೆ. ಅಡುಗೆಮನೆಯ ಆರ್‌ಒ ನೀರೂ ಆಗದು, ನಮ್ಮ ಮನೆಯದು ಟಿಡಿಎಸ್ (ನೀರಿನಲ್ಲಿ ಕರಗಿದ ಲವಣಗಳ ಪ್ರಮಾಣ) ಮೀಟರ್‌ನಲ್ಲಿ 60 ತೋರಿಸುತ್ತದೆ. ಇನ್ವರ್ಟರ್‌ಗೆ ಹಾಕುವ ಬ್ಯಾಟರಿ ವಾಟರ್ ಕ್ಯಾನ್‌ಗಳನ್ನೂ ಅಳೆದೇ ಕೊಳ್ಳುತ್ತೇನೆ. ಒಂದು ಅಂಗಡಿಯ ಕ್ಯಾನ್ 1 ತೋರಿಸಿದರೆ ಇನ್ನೊಂದರದು 38 ತೋರಿಸಿತು. ಲೇಬಲ್ ಎರಡರ ಮೇಲೂ ಒಂದೇ ಮಾತು ಹೇಳುತ್ತಿತ್ತು.

ಮತ್ತೆ ತುಂಬುವ ಮುಂಚೆ ಗಾಳಿಯ ಪರೀಕ್ಷೆ. ಗೇಜ್ ಇರುವ ಕೈಪಂಪ್‌ನಿಂದ 0.5 ಬಾರ್ ಒತ್ತಡ ಕೊಟ್ಟು ಅರ್ಧ ಗಂಟೆ ಬಿಡುತ್ತೇನೆ. ಕಳೆದ ವರ್ಷ ಮುಳ್ಳು ಮೆಲ್ಲಗೆ ಇಳಿಯಿತು. ಹುಡುಕಿದರೆ ಸೋರದಂತೆ ತಡೆಯುವ ರಬ್ಬರಿನ ಬಳೆ, ಒಂದು ಓ-ರಿಂಗ್, ಮಡಿಚಿಕೊಂಡಿತ್ತು. ನೀರು ತುಂಬಿ ಪರೀಕ್ಷಿಸಿದ್ದರೆ ಆ ಹನಿ ನೇರ ಗ್ರಾಫಿಕ್ಸ್ ಕಾರ್ಡ್ ಮೇಲೆ ಬೀಳುತ್ತಿತ್ತು.

ಕೊಳ್ಳುವವರಿಗೆ ನನ್ನ ಮಾತು: ಸದ್ದಿಲ್ಲದ ಮಷೀನು ನಿಜಕ್ಕೂ ಬೇಕಾಗಿದ್ದು, ವರ್ಷಕ್ಕೊಂದು ಭಾನುವಾರ ಕೊಡಬಲ್ಲಿರಾದರೆ ಧೈರ್ಯವಾಗಿ ಕಟ್ಟಿ. ಆ ಭಾನುವಾರ ಕೊಡಲಾಗದಿದ್ದರೆ ಒಳ್ಳೆಯ ಏರ್ ಕೂಲರ್ ಹಾಕಿಕೊಳ್ಳಿ, ಅದರಲ್ಲಿ ಕೊರತೆಯೇನಿಲ್ಲ. ಅಗ್ಗಕ್ಕೆ ಸಿಗುವ ಅಲ್ಯೂಮಿನಿಯಂ ರೇಡಿಯೇಟರನ್ನು ತಾಮ್ರದ ಬ್ಲಾಕ್ ಜೊತೆ ಸೇರಿಸಬೇಡಿ, ಎರಡು ಲೋಹ ಒಂದೇ ನೀರಿನಲ್ಲಿದ್ದರೆ ಅಲ್ಯೂಮಿನಿಯಂ ತಿಂದುಹೋಗುತ್ತದೆ. ಕಾರಿನ ಕೂಲೆಂಟ್ ಹಾಕುವ ಯೋಚನೆ ಇದ್ದವರು ಅದರಲ್ಲಿ ಸಾಮಾನ್ಯವಾಗಿ ಇರುವ ಎಥಿಲೀನ್ ಗ್ಲೈಕಾಲ್ ಸಿಹಿಯಾದ ವಿಷ ಅನ್ನುವುದನ್ನು ಮರೆಯಬಾರದು, ನಾಯಿ ಬೆಕ್ಕುಗಳು ನೆಕ್ಕಿ ಸಾಯುತ್ತವೆ. ನನ್ನ ಹಳೆಯ ದ್ರವ ಅಷ್ಟು ಅಪಾಯದ್ದಲ್ಲದಿದ್ದರೂ ಗಿಡಕ್ಕೆ ಹಾಕದೆ, ಕುಡಿಯುವ ನೀರಿನ ಬಾಟಲಿಯಲ್ಲಿ ತುಂಬಿಡದೆ, ಗಟ್ಟಿ ಮುಚ್ಚಳದ ಕ್ಯಾನಿನಲ್ಲಿ ದೊಡ್ಡಕ್ಷರದಲ್ಲಿ ಹೆಸರು ಬರೆದು ಮೇಲಿನ ಅಟ್ಟದಲ್ಲಿಡುತ್ತೇನೆ. ಈ ಸಲ ತೆಗೆದದ್ದು, ಹೋದ ವರ್ಷ ತುಂಬಿದಾಗ ಇದ್ದಷ್ಟೇ ತಿಳಿಯಾಗಿತ್ತು.