ಸೊಗದೆ ಬೇರು, ಮಂಜಿಷ್ಠ, ಮತ್ತೆ ಒಂದು ‘ರಕ್ತಶುದ್ಧಿ’ ಸಿರಪ್ಪು: ಈ ಬೇಸಿಗೇಲಿ ಕುಡಿದಿದ್ದು, ಬಿಟ್ಟಿದ್ದು

ಮೊದ್ಲೇ ಹೇಳ್ಬಿಡ್ತೀನಿ, ಸೊಗದೆ ಬೇರಿಗೆ ಐದಕ್ಕೆ ನಾಲ್ಕೂವರೆ, ಮಂಜಿಷ್ಠಕ್ಕೆ ಮೂರು (ದಿಂಬಿನ ಕವರ್ ಹಾಳಾಗ್ದೆ ಇದ್ದಿದ್ರೆ ಇನ್ನರ್ಧ ಸೇರಿಸ್ತಿದ್ದೆ), ಸಿರಪ್ಪಿಗೆ ಒಂದು, ಅದೂ ಬಾಟ್ಲಿ ಗಟ್ಟಿಯಾಗಿತ್ತು ಅಂತ.

ಏಪ್ರಿಲ್ ಬಂತು ಅಂದ್ರೆ ನಂಗೆ ಕುತ್ತಿಗೆ, ಬೆನ್ನು ಪೂರ್ತಿ ಬೆವರುಸಾಲೆ, ಗದ್ದದ ಮೇಲೆ ಮೊಡವೆ. ಮೈಸೂರು ತಂಪು ಅನ್ನೋದೆಲ್ಲ ಹಳೇ ಕಥೆ. ಆಫೀಸಲ್ಲಿ ಒಬ್ರು ಮುಖ ನೋಡಿ, ನಿನ್ ಬ್ಲಡ್ಡೇ ಕೆಟ್ಟಿದೆ ಕಣೇ, ಪ್ಯೂರಿಫೈಯರ್ ಕುಡಿ ಅಂದ್ರು. ನಾನೂ ಹಿಂದೆ ಮುಂದೆ ನೋಡ್ದೆ ಮೆಡಿಕಲ್ ಶಾಪಿಂದ ಒಂದು ಬಾಟ್ಲಿ ತಂದೆ, ಹೆಸರು ಬೇಡ ಬಿಡಿ, ಇಂಥವು ಹತ್ತಾರು ಬ್ರ್ಯಾಂಡ್ ಇವೆ. ರಾತ್ರಿ ಎರಡು ಚಮಚ ಕುಡಿದು ಮಲಗಿದೆ, ಬೆಳಗ್ಗೆ ಐದಕ್ಕೆ ಹೊಟ್ಟೆ ನುಲಿಯೋಕೆ ಶುರು, ಒಂಬತ್ತರೊಳಗೆ ನಾಲ್ಕು ಸಲ ಬಾತ್ರೂಮು. ವಿಷ ಎಲ್ಲಾ ಹೊರಗೆ ಹೋಗ್ತಿದೆ ಅಂತ ಮೂರು ದಿನ ಸಹಿಸ್ಕೊಂಡೆ ನೋಡಿ, ನನ್ನಂಥ ಪೆದ್ದಿ ಇಲ್ಲ. ನಾಲ್ಕನೇ ದಿನ ಕನ್ನಡಕ ಹಾಕ್ಕೊಂಡು ಲೇಬಲ್ ಓದಿದ್ರೆ ಸಣ್ಣಕ್ಷರದಲ್ಲಿ ಸೋನಾಮುಖಿ ಅಂತಿದೆ. ಅದು ಭೇದಿ ಆಗ್ಲಿ ಅಂತ ಕೊಡೋ ಎಲೆ, ರಾತ್ರಿ ತಗೊಂಡ್ರೆ ಬೆಳಗ್ಗೆ ಕೆಲಸ ಮಾಡತ್ತೆ, ಅಷ್ಟೇ ಅದರ ಮಹಿಮೆ. ರಕ್ತ ಸೋಸೋಕೆ ಲಿವರ್ರು ಕಿಡ್ನಿ ಇವೆ, ನನ್ ಕರುಳನ್ನ ತೊಳೆದ್ರೆ ಗದ್ದದ ಮೊಡವೆ ಹೆಂಗೆ ಹೋಗತ್ತೆ?

ಪರಿಚಯದ ಆಯುರ್ವೇದ ಡಾಕ್ಟರ್ ಹತ್ರ ಹೋಗಿ ಗೋಳು ಹೇಳ್ಕೊಂಡೆ. ಅವರು ಹೇಳಿದ್ದು ಕೇಳಿ ಇನ್ನೂ ಹೊಟ್ಟೆ ಉರೀತು. ಋತುಚರ್ಯೆ (ಯಾವ ಕಾಲಕ್ಕೆ ಹೆಂಗಿರ್ಬೇಕು ಅನ್ನೋ ನಿಯಮ) ಪ್ರಕಾರ ರಕ್ತಮೋಕ್ಷಣ ಅಂದ್ರೆ ಕೆಟ್ಟ ರಕ್ತ ತೆಗೆಯೋದು, ವಿರೇಚನ ಅಂದ್ರೆ ಭೇದಿ ಮಾಡಿಸೋದು, ಎಲ್ಲ ಶರದೃತುವಿಗೆ, ಅಂದ್ರೆ ಮಳೆಗಾಲ ಮುಗಿದ ಮೇಲೆ, ಪಿತ್ತ ಕೆರಳೋ ಕಾಲಕ್ಕೆ. ಗ್ರೀಷ್ಮದಲ್ಲಿ ಮೊದ್ಲೇ ಮೈಯಲ್ಲಿ ಬಲ ಇರಲ್ಲ, ಸಿಹಿ, ತಂಪು, ನೀರಾಗಿರೋದು ತಗೊಳ್ಳಿ ಅಂತಾನೇ ಹೇಳಿರೋದು. ಅಂದ್ರೆ ನಾನು ಮೇ ಬಿಸಿಲಲ್ಲಿ ಭೇದಿ ಮಾಡ್ಕೊಂಡಿದ್ದು ಆಯುರ್ವೇದಕ್ಕೂ ಒಪ್ಪಲ್ಲ, ಅಲೋಪತಿಗೂ ಒಪ್ಪಲ್ಲ. ಬೆವರುಸಾಲೆ ಅಂದ್ರೆ ಬೆವರಿನ ನಾಳ ಮುಚ್ಕೊಂಡು ಆಗೋದು, ಸಡಿಲ ಕಾಟನ್ ಬಟ್ಟೆ ಹಾಕು, ತಣ್ಣೀರು ಸ್ನಾನ ಮಾಡು, ಕುಡೀಲೇಬೇಕು ಅಂದ್ರೆ ಸೊಗದೆ ಬೇರಿನ ನೀರು ಕುಡಿ ಅಂದ್ರು.

ಸರಿ, ಸೊಗದೆ ಬೇರು. ಇದನ್ನೇ ನಾಮದ ಬೇರು, ಹಾಲುಬಳ್ಳಿ, ಅನಂತಮೂಲ, ಸಾರಿವಾ ಅನ್ನೋದು, ತಮಿಳರ ನನ್ನಾರಿ. ಸೋಮಾರಿತನಕ್ಕೆ ಮೊದ್ಲು ಆನ್‌ಲೈನಲ್ಲಿ ತರಿಸ್ದೆ. ಪ್ಯಾಕೆಟ್ ಒಡೆದ್ರೆ ಘಮ ಅಂದ್ರೆ ಘಮ, ನಂಗೆ ಖುಷಿ. ನಮ್ಮತ್ತೆ ಸಾಗರದ ಕಡೆಯೋರು, ಒಂದು ತುಂಡು ಎತ್ತಿ ತಿರುಗಿಸಿ ನೋಡಿ, ಇದೆಲ್ಲಿ ಸೊಗದೆ ಬೇರೇ ತಂಗಿ, ಇದು ಮಾಗಳಿ ಬೇರು, ಒಣಗಿಸಿ ಹಾಳು ಮಾಡಿದಾರೆ, ಹಸೀದಾಗಿದ್ರೆ ಉಪ್ಪಿನಕಾಯಿನಾದ್ರೂ ಹಾಕಬಹುದಿತ್ತು ಅಂದ್ರು. ಆಮೇಲೆ ಗೊತ್ತಾಯ್ತು, ಮಾರ್ಕೆಟ್ಟಲ್ಲಿ ಇದು ಮಾಮೂಲಂತೆ. ಎರಡಕ್ಕೂ ವಾಸನೆ ಕೊಡೋ ವಸ್ತು ಒಂದೇ, ಅದಕ್ಕೆ ಮೂಗಿಗೆ ಮೋಸ ಆಗೋದು. ವೆನಿಲ್ಲಾದಲ್ಲಿರೋ ವ್ಯಾನಿಲಿನ್‌ಗೂ ಇದಕ್ಕೂ ರಾಸಾಯನಿಕ ಸೂತ್ರ ಒಂದೇ ಅಂತೆ, ಜೋಡಣೆ ಮಾತ್ರ ಬೇರೆ, ಮೂಸಿದ್ರೆ ಐಸ್‌ಕ್ರೀಮ್ ನೆನಪಾಗೋದು ಸುಮ್ನೆ ಅಲ್ಲ. ಹಾಗಾಗಿ ಮೂಸಿ ತಗೋಬೇಡಿ, ನೋಡಿ ತಗೊಳ್ಳಿ. ಮಾಗಳಿ ದಪ್ಪ, ತಿರುಳು ಜಾಸ್ತಿ. ಸೊಗದೆ ತೆಳ್ಳಗೆ, ತಂತಿ ಥರ, ಮೇಲೆ ಕಂದು ಸಿಪ್ಪೆ ಅಲ್ಲಲ್ಲಿ ಬಿರುಕು ಬಿಟ್ಟಿರತ್ತೆ, ಒಳಗೆ ಗಟ್ಟಿ ಕಡ್ಡಿ.

ಆಮೇಲೆ ಅತ್ತೇನ ಕರ್ಕೊಂಡೇ ದೇವರಾಜ ಮಾರ್ಕೆಟ್ ಹತ್ರದ ಒಂದು ಗ್ರಂಧಿಗೆ ಅಂಗಡಿಗೆ ಹೋದೆ. ಸಯ್ಯಾಜಿರಾವ್ ರೋಡಲ್ಲಿ ಗಾಡಿ ನಿಲ್ಲಿಸೋಕೆ ಜಾಗ ಸಿಗೋ ಹೊತ್ತಿಗೆ ಅರ್ಧ ಜೀವ ಹೋಯ್ತು, ಅದು ಅಂಗಡಿಯವರ ತಪ್ಪಲ್ಲ. ಆದ್ರೆ ಅಂಗಡಿ ಮಾತ್ರ ಸೂಪರ್, ಮರದ ಡ್ರಾಯರ್, ಗೋಣಿಚೀಲ, ಒಳಗೆ ಕಾಲಿಟ್ರೆ ಬಜೆ, ಗಂಧ, ಲಾವಂಚ ಎಲ್ಲಾ ಕಲೆತ ವಾಸನೆ. ಯಜಮಾನ್ರು ವಯಸ್ಸಾದೋರು, ಏನಮ್ಮ, ಶರಬತ್ತಿಗೋ ಕಷಾಯಕ್ಕೋ ಅಂತ ಕೇಳಿ ಆಮೇಲೆ ಬೇರು ತೆಗೆದ್ರು, ಅತ್ತೆ ಮುರಿದು ನೋಡಿದ್ರೂ ಬೇಜಾರು ಮಾಡ್ಕೊಳ್ಳಲಿಲ್ಲ. 100 ಗ್ರಾಂಗೆ 110 ರೂಪಾಯಿ, ಜತೆಗೆ ಮಂಜಿಷ್ಠ 50 ಗ್ರಾಂ, ಒಂದು ಕಟ್ಟು ಲಾವಂಚ. ಪುಡಿ ಕೊಡ್ತೀರಾ ಅಂದ್ರೆ, ಪುಡಿ ಬೇಡಮ್ಮ, ಪುಡೀಲಿ ಏನಿದೆ ಅಂತ ನಂಗೇ ಗೊತ್ತಾಗಲ್ಲ, ಇಡೀ ತಗೊಂಡು ಮನೇಲಿ ಕುಟ್ಕೋ ಅಂದ್ರು. ಆ ಮಾತಿಗೇ ನನ್ ದುಡ್ಡು ವಸೂಲು.

ಮಾಡೋ ವಿಧಾನ ಅತ್ತೇದು. ಬೇರನ್ನ ಚೆನ್ನಾಗಿ ತೊಳೀಬೇಕು, ಸಂದೀಲಿ ಮಣ್ಣು ಸಿಕ್ಕಾಪಟ್ಟೆ ಇರತ್ತೆ. ಒಣಗಿಸಿ ಕುಟ್ಟಿದ್ರೆ ಸಿಪ್ಪೆ ಬಿಟ್ಕೊಳತ್ತೆ, ಒಳಗಿನ ಬಿಳೀ ಕಡ್ಡಿ ಬಿಸಾಕಿ, ಘಮ ಇರೋದೆಲ್ಲ ಸಿಪ್ಪೇಲೇ. ಒಂದು ಹಿಡಿ ಸಿಪ್ಪೆಗೆ ಒಂದು ಲೀಟರ್ ಕುದಿಯೋ ನೀರು ಹೊಯ್ದು ಮುಚ್ಚಿ ರಾತ್ರಿಯಿಡೀ ಬಿಡಬೇಕು. ನಾನು ಮೊದಲ ಸಲ ಜಾಣತನ ಮಾಡಿ ಅರ್ಧ ಗಂಟೆ ಕುದಿಸ್ದೆ, ಮನೆಯೆಲ್ಲ ಘಮಘಮ, ಲೋಟದಲ್ಲಿ ಮಾತ್ರ ಕಂದು ನೀರು. ಬೆಳಗ್ಗೆ ಸೋಸಿ, ಬೆಲ್ಲ, ಅರ್ಧ ನಿಂಬೆಹಣ್ಣು, ಚಿಟಿಕೆ ಉಪ್ಪು. ಮಡಕೆ ನೀರಿಗೆ ಲಾವಂಚ ಹಾಕಿಟ್ಟು ಅದರಲ್ಲೇ ಬೆರೆಸಿದ್ರಂತೂ ಫ್ರಿಜ್ ಕಡೆ ತಿರುಗಿ ನೋಡಲ್ಲ. ಅಂಗಡೀಲಿ ಸಿಗೋ ರೆಡಿಮೇಡ್ ಶರಬತ್ತಿನ ಬಾಟ್ಲಿ ತಗೊಳೋರು ಹಿಂದುಗಡೆ ಸ್ವಲ್ಪ ಓದಿ, ಮೊದಲ ಹೆಸರು ಸಕ್ಕರೆ, ಕೊನೇ ಹೆಸರು ಎಸೆನ್ಸ್ ಅಂತಿದ್ರೆ ಬೇರು ಅದರ ಪಕ್ಕದಲ್ಲಿ ಹಾದುಹೋಗಿದೆ ಅಷ್ಟೇ. ಶುಗರ್ ಇರೋರು ಬೆಲ್ಲ ಬಿಟ್ಟು ಕುಡೀರಿ, ರುಚಿ ಅರ್ಧಕ್ಕರ್ಧ ಹೋಗತ್ತೆ, ಸುಳ್ಳು ಹೇಳಲ್ಲ.

ಮಂಜಿಷ್ಠ ಕಥೆ ಬೇರೆ. ಇದು ಕಾಫಿ ಗಿಡದ ಕುಟುಂಬದ್ದೇ ಬಳ್ಳಿ, ಬೇರಲ್ಲಿ ಕೆಂಪು ಬಣ್ಣ, ಹಿಂದೆ ಬಟ್ಟೆಗೆ ಬಣ್ಣ ಹಾಕೋಕೂ ಬಳಸ್ತಿದ್ರು. ಮನೇಲೇ ಪುಡಿ ಮಾಡಿ ಮೊಸರಲ್ಲಿ ಕಲಸಿ ಮುಖಕ್ಕೆ ಹಚ್ಕೊಂಡು ಹಂಗೇ ನಿದ್ದೆ ಹೋಗಿಬಿಟ್ಟೆ, ದಿಂಬಿನ ಕವರ್ ಇವತ್ತಿಗೂ ಗುಲಾಬಿ. ಡಾಕ್ಟರ್ ಹೇಳಿದಷ್ಟೇ ಕಷಾಯಾನೂ ಕುಡಿದೆ, ಎರಡನೇ ದಿನ ಯೂರಿನ್ ಕೆಂಪಗೆ ಕಂಡು ಎದೆ ಧಸಕ್ ಅಂತು, ಫೋನ್ ಮಾಡಿದ್ರೆ ಅವರು ನಗ್ತಾರೆ, ಅದು ಬೇರಿನ ಬಣ್ಣ ಕಣಮ್ಮ ಅಂತ. ಮೊದಲೇ ಹೇಳ್ಬಾರ್ದಿತ್ತಾ ಸಾರ್! ಮುಖ ಹೊಳೀತಾ ಅಂದ್ರೆ, ಹಚ್ಚಿದ ದಿನ ಸ್ವಲ್ಪ ಕೆಂಪಗೆ ಚೆನ್ನಾಗಿ ಕಾಣತ್ತೆ, ಬಣ್ಣ ತಾನೇ.

ಈಗ ಆರು ವಾರ ಆಯ್ತು, ಬೆನ್ನಿನ ಬೆವರುಸಾಲೆ ಹೋಗಿದೆ, ಮೊಡವೆ ಅರ್ಧ ಕಮ್ಮಿ. ಸೊಗದೆ ಬೇರಿಂದಾನಾ? ಪ್ರಾಮಾಣಿಕವಾಗಿ ಹೇಳ್ತೀನಿ, ಅದರ ನೆಪದಲ್ಲಿ ದಿನಾ ಒಂದು ಲೀಟರ್ ನೀರು ಜಾಸ್ತಿ ಕುಡಿದೆ, ಮಧ್ಯಾಹ್ನದ ಕೂಲ್‌ಡ್ರಿಂಕ್ ಬಿಟ್ಟೆ, ಸಿಂಥೆಟಿಕ್ ಕುರ್ತಾ ಎತ್ತಿಟ್ಟೆ, ಮಧ್ಯೆ ಎರಡು ಒಳ್ಳೇ ಮಳೆನೂ ಬಂತು. ರಕ್ತ ಶುದ್ಧ ಆಯ್ತು ಅಂತ ನಾನಂತೂ ಹೇಳಲ್ಲ, ತಂಪಾಯ್ತು, ರುಚಿಯಾಗಿತ್ತು, ಮತ್ತೆ ತರ್ತೀನಿ.

ಬಸುರಿಯರು, ದಿನಾ ಮಾತ್ರೆ ತಗೊಳೋರು ಇದನ್ನ ಓದಿ ನೇರ ಅಂಗಡಿಗೆ ಓಡಬೇಡಿ, ಡಾಕ್ಟರ್ ಕೇಳಿ. ಗಿಡಮೂಲಿಕೆ ತಾನೇ, ಏನಾಗತ್ತೆ ಅನ್ನೋರಿಗೆ ಅಮೃತಬಳ್ಳಿ ನೆನಪಿಸ್ತೀನಿ. ಕೊರೋನಾ ಟೈಮಲ್ಲಿ ಎಲ್ರೂ ಕುಡಿದ್ರಲ್ಲ, 2021ರಲ್ಲಿ ಮುಂಬೈ ಡಾಕ್ಟರುಗಳು ಅದನ್ನ ತಗೊಂಡ ಕೆಲವರಿಗೆ ಲಿವರ್ ತೊಂದರೆ ಆಗಿದ್ದನ್ನ ವರದಿ ಮಾಡಿದ್ರು, ಆಯುಷ್ ಸಚಿವಾಲಯ ಅದನ್ನ ಒಪ್ಪಲಿಲ್ಲ, ಅದೇ ಥರ ಕಾಣೋ ಬೇರೆ ಬಳ್ಳಿ ಇರಬಹುದು ಅಂತು. ಯಾರು ಸರೀನೋ, ನಂಗಂತೂ ಅತ್ತೆ ಮುರಿದು ನೋಡದೆ ಇರೋ ಬೇರು ಇನ್ಮೇಲೆ ಮನೆಗೆ ಬೇಡ.

ಸಿರಪ್ ಬಾಟ್ಲಿ ಮುಕ್ಕಾಲು ಹಾಗೇ ಉಳಿದಿತ್ತು, ಬಿಸಾಕೋಕೆ ಹೊರಟ್ರೆ ನಮ್ಮ ಮಾವ ತಡೆದ್ರು. ಒಳ್ಳೇ ಔಷಧಿ ಕಣಮ್ಮ ಅದು, ನಂಗೆ ಮಲಬದ್ಧತೆ ಅಂತ ನಿಂಗೊತ್ತಲ್ಲ ಅಂತ ಅವರ ಕಪಾಟಲ್ಲಿ ಇಟ್ಕೊಂಡಿದಾರೆ.