ಪಿಕಪ್ ಇಟ್ಟುಕೊಂಡವರಿಗೆ ಬೈಕಂಪಾಡಿಯ ಬ್ಲೇಡಿನ ಅಂಗಡಿ

ಮಲ್ಪೆ ಬಂದರಿನಿಂದ ಮಂಗಳೂರಿಗೆ ಮೀನು ಸಾಗಿಸುವ ಪಿಕಪ್ ನಮ್ಮದು. ಓಡಿಸುವವನು ತಮ್ಮ. ಡೀಸೆಲ್, ಟಯರ್, ರಿಪೇರಿಗಳ ಲೆಕ್ಕ ನನ್ನದು. ಸ್ಟಿಯರಿಂಗ್ ಮತ್ತು ಬ್ಲೇಡ್ ಸೆಟ್ಟಿನ (ಗಾಡಿಯ ಭಾರ ಹೊರುವ, ಒಂದರ ಮೇಲೊಂದು ಜೋಡಿಸಿದ ಉಕ್ಕಿನ ಪಟ್ಟಿಗಳ ಸ್ಪ್ರಿಂಗಿನ) ಕೆಲಸವನ್ನು ಈ ಸಲ ಬೈಕಂಪಾಡಿ ಕೈಗಾರಿಕಾ ಪ್ರದೇಶದ ಒಂದು ಅಂಗಡಿಯಲ್ಲಿ ಮಾಡಿಸಿದೆವು. ಅದಕ್ಕೆ ಬೋರ್ಡು ಇಲ್ಲ. ಲಾರಿ ಚಾಲಕರೆಲ್ಲ ಬ್ಲೇಡಿನ ಅಂಗಡಿ ಎಂದೇ ಕರೆಯುತ್ತಾರೆ, ಕೇಳಿದರೆ ಯಾರಾದರೂ ದಾರಿ ತೋರಿಸುತ್ತಾರೆ. ಕರಾವಳಿಯಲ್ಲಿ ಪಿಕಪ್ ನಂಬಿ ಬದುಕುವವರು ಈ ಅಂಗಡಿಯನ್ನು ತಿಳಿದಿರಬೇಕು ಎಂದು ಇದನ್ನು ಬರೆಯುತ್ತಿದ್ದೇನೆ.

ನಮ್ಮ ಗಾಡಿಗೆ ಮೂರು ತೊಂದರೆಗಳಿದ್ದವು. ಮುಂದಿನ ಟಯರ್‌ಗಳ ಒಳ ಅಂಚು ಬೇಗ ಬೇಗ ಸವೆಯುತ್ತಿತ್ತು. ನೇರ ರಸ್ತೆಯಲ್ಲಿ ಹೋಗುವಾಗಲೂ ಸ್ಟಿಯರಿಂಗ್ ಚಕ್ರ ಓರೆಯಾಗಿ ನಿಲ್ಲುತ್ತಿತ್ತು. ಹೆದ್ದಾರಿಯ ಹೊಂಡಕ್ಕೆ ಚಕ್ರ ಬಿದ್ದರೆ ಸ್ಟಿಯರಿಂಗ್ ಕೈಯಲ್ಲೇ ನಡುಗತೊಡಗುತ್ತಿತ್ತು. ಗಾಡಿ ನಿಧಾನಿಸುವ ತನಕ ನಡುಕ ನಿಲ್ಲುತ್ತಿರಲಿಲ್ಲ. ಹಿಂದೆ ಹೋಗುತ್ತಿದ್ದ ಗ್ಯಾರೇಜಿನಲ್ಲಿ ಪ್ರತಿ ಸಲ ಚಕ್ರಗಳ ದಿಕ್ಕು ಹೊಂದಿಸುವ ಅಲೈನ್‌ಮೆಂಟ್ ಮಾಡಿ ದುಡ್ಡು ತೆಗೆದುಕೊಂಡು ಕಳುಹಿಸುತ್ತಿದ್ದರು. ಕೆಲವು ವಾರ ಸರಿ ಇರುತ್ತಿತ್ತು, ಮತ್ತೆ ಅದೇ ಕಥೆ. ಬೆಳಗಿನ ಜಾವದ ಕತ್ತಲಲ್ಲಿ ತಮ್ಮ ಕೂಳೂರು ಸೇತುವೆ ದಾಟುವಾಗ ನಾನು ಮನೆಯಲ್ಲಿ ನಿದ್ದೆಯಿಲ್ಲದೆ ಕುಳಿತಿರುತ್ತಿದ್ದೆ.

ಇಲ್ಲಿ ಮೇಸ್ತ್ರಿ ಮೊದಲು ಪಾನೆಯನ್ನೇ ಮುಟ್ಟಲಿಲ್ಲ. ಅಳತೆ ಟೇಪು ತರಿಸಿ, ಮುಂದಿನ ಚಕ್ರದ ಹಬ್ಬಿನ (ಮಧ್ಯದ ಗುಂಬದ) ನಡುವಿನಿಂದ ಹಿಂದಿನ ಚಕ್ರದ ಹಬ್ಬಿನ ನಡುವಿಗೆ ಎರಡೂ ಬದಿಯಲ್ಲಿ ಅಳೆಸಿದರು. ಎಡಬದಿಯ ಅಳತೆ ಹೆಚ್ಚಿತ್ತು. ಅಡಿಗೆ ಇಳಿದು ನೋಡಿದಾಗ ಕಾರಣ ಸಿಕ್ಕಿತು. ಹಿಂದಿನ ಎಡ ಬ್ಲೇಡ್ ಸೆಟ್ಟಿನ ಪಟ್ಟಿಗಳನ್ನು ನಡುವೆ ಪೋಣಿಸಿ ಹಿಡಿಯುವ ಸೆಂಟರ್ ಬೋಲ್ಟ್ ತುಂಡಾಗಿ, ಎರಡು ಚಕ್ರಗಳನ್ನು ಜೋಡಿಸುವ ಅಡ್ಡ ದಂಡವಾದ ಆಕ್ಸಲ್ ಅಲ್ಲಿ ಹಿಂದಕ್ಕೆ ಜಾರಿತ್ತು. ಆಕ್ಸಲನ್ನು ಬ್ಲೇಡಿಗೆ ಬಿಗಿಯುವುದು ಯು ಬೋಲ್ಟುಗಳು. ಅವು ತುಕ್ಕು ಹಿಡಿದು ಸಡಿಲವಾದರೆ ಹೊರೆಯೆಲ್ಲ ಆ ಸಣ್ಣ ಸೆಂಟರ್ ಬೋಲ್ಟಿನ ಮೇಲೆ ಬೀಳುತ್ತದೆ, ಅದು ಎಷ್ಟು ದಿನ ತಡೆದೀತು? ಹಿಂದಿನ ಆಕ್ಸಲ್ ಓರೆಯಾದ ಗಾಡಿ ಏಡಿಯ ಹಾಗೆ ಅಡ್ಡಡ್ಡ ಓಡುತ್ತದೆ, ಅದನ್ನು ನೇರ ಇಡಲು ಚಾಲಕ ಸ್ಟಿಯರಿಂಗನ್ನು ತಿರುಗಿಸಿಯೇ ಹಿಡಿಯಬೇಕಾಗುತ್ತದೆ. ಮುಂದಿನ ಎರಡು ಚಕ್ರಗಳನ್ನು ಮಾತ್ರ ನೋಡುವ ಅಲೈನ್‌ಮೆಂಟಿಗೆ ಇದು ಕಾಣಿಸುವುದೇ ಇಲ್ಲ. ಸ್ಟಿಯರಿಂಗ್ ಚಕ್ರ ಓರೆ ನಿಲ್ಲುತ್ತದೆಂದು ಹೋದವಳಿಗೆ ರೋಗ ಹಿಂದಿನ ಚಕ್ರದ ಬಳಿ ಇದೆ ಎಂದು ಟೇಪು ಹಿಡಿದು ತೋರಿಸಿದರು.

ನಡುಕದ ಕಾರಣ ಬೇರೆ. ಮುಂಭಾಗವನ್ನು ಜಾಕಿನ ಮೇಲೆ ಎತ್ತಿ, ಚಕ್ರದ ಮೇಲ್ತುದಿ ಮತ್ತು ಕೆಳತುದಿ ಹಿಡಿದು ಅಲುಗಾಡಿಸಿದರು. ಚಕ್ರ ಅಲುಗಿತು. ಆಮೇಲೆ ತಮ್ಮನಿಗೆ ಬ್ರೇಕ್ ಒತ್ತಿ ಹಿಡಿಯಲು ಹೇಳಿ ಮತ್ತೊಮ್ಮೆ ಅಲುಗಾಡಿಸಿದರು. ಬ್ರೇಕ್ ಒತ್ತಿದಾಗ ಅಲುಗಾಟ ನಿಂತರೆ ದೋಷ ಬೇರಿಂಗಿನದ್ದು, ಆಗಲೂ ಉಳಿದರೆ ಕಿಂಗ್ ಪಿನ್ನಿನದ್ದು, ಅಂದರೆ ಮುಂದಿನ ಚಕ್ರ ಆಚೀಚೆ ತಿರುಗಲು ಆಧಾರವಾಗಿರುವ ಕೀಲಿನದ್ದು. ನಮ್ಮದರಲ್ಲಿ ಉಳಿಯಿತು. ಬಳಿಕ ಗಾಡಿಯನ್ನು ನೆಲಕ್ಕಿಳಿಸಿ, ಒಬ್ಬ ಹುಡುಗ ಸ್ಟಿಯರಿಂಗನ್ನು ಆಚೀಚೆ ಸ್ವಲ್ಪ ಸ್ವಲ್ಪವೇ ತಿರುಗಿಸುತ್ತಿದ್ದಾಗ ಇನ್ನೊಬ್ಬ ಒಂದೊಂದು ಕೀಲಿನ ಮೇಲೂ ಕೈಯಿಟ್ಟು ನೋಡಿದ. ಬಲಗಡೆಯ ಟೈ ರಾಡ್ ಎಂಡ್, ಅಂದರೆ ಮುಂದಿನ ಎರಡು ಚಕ್ರಗಳನ್ನು ಒಟ್ಟಿಗೆ ತಿರುಗಿಸುವ ಸರಳಿನ ತುದಿಯ ಕೀಲು, ಸವೆದಿತ್ತು. ಸ್ಟಿಯರಿಂಗಿನ ತಿರುವನ್ನು ಚಕ್ರಕ್ಕೆ ಮುಟ್ಟಿಸುವ ಡ್ರ್ಯಾಗ್ ಲಿಂಕ್ ಚೆನ್ನಾಗಿತ್ತು. "ಇದನ್ನು ಬದಲಿಸುವುದು ಬೇಡ ಅಕ್ಕಾ, ದುಡ್ಡು ದಂಡ" ಎಂದರು ಮೇಸ್ತ್ರಿ. ನಾನು ಆ ಅಂಗಡಿಯನ್ನು ನಂಬಿದ್ದು ಆ ಮಾತಿನಿಂದ.

ಬಿಚ್ಚಿದ ಸಾಮಾನುಗಳನ್ನೆಲ್ಲ ಒಂದು ತಗಡಿನ ಮೇಲೆ ಸಾಲಾಗಿ ಇಟ್ಟು ನನ್ನನ್ನು ಕರೆದರು. ಕಿಂಗ್ ಪಿನ್ನಿನ ಒಂದು ಬದಿ ಉಗುರಿಗೆ ಸಿಗುವಷ್ಟು ಸವೆದಿತ್ತು. ಗ್ರೀಸ್ ಹಾಕಿಸುತ್ತಲೇ ಇದ್ದೆವಲ್ಲ ಎಂದು ಕೇಳಿದೆ. ಚಕ್ರ ನೆಲದ ಮೇಲಿರುವಾಗ ಗ್ರೀಸ್ ಗನ್ ಹಿಡಿದರೆ, ಭಾರ ಕೂತಿರುವ ಜಾಗಕ್ಕೆ ಗ್ರೀಸ್ ಹೋಗುವುದಿಲ್ಲವಂತೆ. ಆಕ್ಸಲನ್ನು ಜಾಕಿನಿಂದ ಎತ್ತಿ, ಹಳೆಯ ಕಪ್ಪು ಗ್ರೀಸ್ ಹೊರಬಂದು ಹೊಸದು ಕಾಣಿಸುವ ತನಕ ಒತ್ತಬೇಕು. ವಾಟರ್ ಸರ್ವಿಸ್ ಮಾಡುವ ಜಾಗಗಳಲ್ಲಿ ಯಾರೂ ಹೀಗೆ ಮಾಡಿದ್ದನ್ನು ನಾನು ನೋಡಿಲ್ಲ.

ಮೂರು ವಿಷಯಗಳಿಗೆ ಮೇಸ್ತ್ರಿ ಖಡಾಖಂಡಿತವಾಗಿ ಇಲ್ಲ ಎಂದರು. ಬಿರುಕು ಬಿಟ್ಟ ಎರಡನೆಯ ಬ್ಲೇಡನ್ನು ವೆಲ್ಡ್ ಮಾಡಿಕೊಡಿ ಎಂದು ತಮ್ಮ ಕೇಳಿದ್ದ. ವೆಲ್ಡಿಂಗಿನ ಕಾವಿಗೆ ಸ್ಪ್ರಿಂಗ್ ಉಕ್ಕಿನ ಹದ ಹೋಗುತ್ತದೆ, ಬೆಸುಗೆಯ ಪಕ್ಕದಲ್ಲೇ ಮತ್ತೆ ತುಂಡಾಗುತ್ತದೆ ಎಂದು ಹೊಸದನ್ನೇ ಹಾಕಿಸಿದರು. ಇನ್ನೊಂದು ಬ್ಲೇಡ್ ಹೆಚ್ಚಿಗೆ ಸೇರಿಸುವ ಮಾತಿಗೂ ಒಪ್ಪಲಿಲ್ಲ. ಗಾಡಿ ಬಾಗದಿದ್ದ ಮಾತ್ರಕ್ಕೆ ಆಕ್ಸಲ್, ಬ್ರೇಕ್, ಟಯರ್‌ಗಳ ಶಕ್ತಿ ಹೆಚ್ಚುವುದಿಲ್ಲವಲ್ಲ. ಮೂರನೆಯದು ನಮ್ಮೂರ ಹಳೆಯ ರೂಢಿ. ಮಳೆಗೆ ಮುಂಚೆ ಚಾಸಿಯ ಅಡಿಗೆ ಸುಟ್ಟ ಎಂಜಿನ್ ಆಯಿಲ್ ಹೊಡೆಸುವುದು. ಎಣ್ಣೆ ತಾಗಿದರೆ ಬ್ಲೇಡಿನ ತುದಿಯ ಬೋಲ್ಟಿನ ಸುತ್ತ ಇರುವ ರಬ್ಬರ್ ಬುಶ್ ಉಬ್ಬಿ ಮೆತ್ತಗಾಗುತ್ತದೆ ಎಂದು ನಮ್ಮ ಗಾಡಿಯ ಹಳೆಯ ಬುಶ್ಶನ್ನೇ ಬೆರಳಿನಿಂದ ಒತ್ತಿ ತೋರಿಸಿದರು. ಮೀನಿನ ಗಾಡಿಗೆ ಅವರು ಹೇಳಿದ ಮದ್ದು ಸರಳ. ಐಸ್ ಕರಗಿದ ಉಪ್ಪುನೀರು ಬಾಕ್ಸುಗಳಿಂದ ಸೋರಿ ಬ್ಲೇಡುಗಳ ಸಂದಿಯಲ್ಲಿ ನಿಲ್ಲುತ್ತದೆ. ಮೀನು ಇಳಿಸಿದ ದಿನವೇ ಅಡಿಭಾಗಕ್ಕೆ ಸಿಹಿನೀರು ಬಿಡಬೇಕು.

ಜೋಡಣೆಯಲ್ಲೂ ಅದೇ ಶಿಸ್ತು. ಹಳೆಯ ಯು ಬೋಲ್ಟುಗಳನ್ನು ಮತ್ತೆ ಬಳಸಲಿಲ್ಲ. ಹೊಸವನ್ನು ಕರ್ಣರೇಖೆಯಲ್ಲಿ ಸ್ವಲ್ಪ ಸ್ವಲ್ಪವಾಗಿ, ಕೊನೆಗೆ ಬಿಗಿತ ಅಳೆಯುವ ಟಾರ್ಕ್ ರೆಂಚಿನಿಂದ ಬಿಗಿದರು. ರಬ್ಬರ್ ಬುಶ್ಶಿನ ಬೋಲ್ಟುಗಳ ಕೊನೆಯ ಬಿಗಿತ ಗಾಡಿ ಚಕ್ರದ ಮೇಲೆ ನಿಂತ ನಂತರವೇ ಆಯಿತು, ಇಲ್ಲದಿದ್ದರೆ ಬುಶ್ ತಿರುಚಿಕೊಂಡೇ ಉಳಿಯುತ್ತದೆ. ಸ್ವಲ್ಪ ಓಡಿಸಿದ ಮೇಲೆ ಯು ಬೋಲ್ಟುಗಳನ್ನು ಇನ್ನೊಮ್ಮೆ ಬಿಗಿಯಲು ಬರಲೇಬೇಕು ಎಂದರು, ಅದಕ್ಕೆ ಕಾಸು ಪಡೆಯಲಿಲ್ಲ.

ಕೊರತೆಗಳನ್ನೂ ಹೇಳಬೇಕು. ಫೋನ್ ಮಾಡಿದರೆ ಎತ್ತುವುದಿಲ್ಲ. ನಾಳೆ ಕೊಡುತ್ತೇವೆ ಎಂದರೆ ನಾಡಿದ್ದು ಎಂದು ತಿಳಿಯಿರಿ. ನನಗೆ ಕೂರಲು ಜಾಗವಿರಲಿಲ್ಲ, ಶೌಚಾಲಯವಂತೂ ಇಲ್ಲವೇ ಇಲ್ಲ. ಹೆಂಗಸರೂ ಗಾಡಿಗಳ ಮಾಲೀಕರಾಗಿರುವ ಊರಿನಲ್ಲಿ ಇದು ದೊಡ್ಡ ಕೊರತೆ. ಅಲೈನ್‌ಮೆಂಟ್ ಯಂತ್ರವೂ ಅಲ್ಲಿಲ್ಲ. ಟೈ ರಾಡ್ ಎಂಡನ್ನು ಎಷ್ಟು ಸುತ್ತು ಬಿಚ್ಚಿದರೋ ಅಷ್ಟೇ ಸುತ್ತು ಹಾಕಿ, ಟೋ (ಮುಂದಿನ ಚಕ್ರಗಳು ಒಳಕ್ಕೋ ಹೊರಕ್ಕೋ ತಿರುಗಿರುವ ಅಳತೆ) ಸರಿಪಡಿಸಲು ಬೇರೆ ಕಡೆ ಕಳುಹಿಸುತ್ತಾರೆ. ಮುಂದಿನ ಎರಡೂ ಚಕ್ರ ಒಂದೇ ಗಟ್ಟಿ ಆಕ್ಸಲಿಗೆ ಕೂತಿರುವ ನಮ್ಮಂತಹ ಗಾಡಿಗಳಲ್ಲಿ ಹೊಂದಿಸಲು ಬರುವುದು ಹೆಚ್ಚುಕಡಿಮೆ ಅದೊಂದೇ ಆದ್ದರಿಂದ ಖರ್ಚು ಹೆಚ್ಚೇನಿಲ್ಲ. ನಿಮ್ಮದು ಇಸುಜು ಡಿ-ಮ್ಯಾಕ್ಸ್‌ನಂತೆ ಮುಂದೆ ಪ್ರತಿ ಚಕ್ರಕ್ಕೂ ಬೇರೆ ಬೇರೆ ತೋಳುಗಳ ಡಬಲ್ ವಿಶ್‌ಬೋನ್ ಮತ್ತು ಕಾಯಿಲ್ ಸ್ಪ್ರಿಂಗ್ ಇರುವ ಗಾಡಿಯಾದರೆ ಮುಂದಿನ ಕೆಲಸಕ್ಕೆ ಇಲ್ಲಿಗೆ ಬರಬೇಡಿ. ಅಂಥದ್ದೊಂದು ನಮ್ಮ ಪಕ್ಕದಲ್ಲೇ ಬಂದು ನಿಂತಾಗ, ಹಿಂದಿನ ಬ್ಲೇಡ್ ಮಾತ್ರ ಮಾಡುತ್ತೇವೆ, ಮುಂದಿನ ತೋಳುಗಳ ಬಾಲ್ ಜಾಯಿಂಟ್ ನಮ್ಮ ಕೆಲಸವಲ್ಲ ಎಂದು ಮೇಸ್ತ್ರಿಯೇ ಹೇಳಿ ಕಳುಹಿಸಿದರು.

ಕಿಂಗ್ ಪಿನ್ ಕಿಟ್, ಟೈ ರಾಡ್ ಎಂಡ್, ಬ್ಲೇಡ್, ಬುಶ್, ಬೋಲ್ಟುಗಳು, ಕೂಲಿ ಎಲ್ಲ ಸೇರಿ ಒಂದು ಜೊತೆ ಮುಂದಿನ ಟಯರಿನ ಬೆಲೆಯನ್ನು ಸ್ವಲ್ಪ ಮೀರಿತು. ಕೈಬರಹದ ಬಿಲ್ಲಿನಲ್ಲಿ ಪ್ರತಿ ಸಾಮಾನಿನ ಬೆಲೆ ಬೇರೆ ಬೇರೆ ಬರೆದಿತ್ತು. ಈಗ ಹೊಂಡಕ್ಕೆ ಬಿದ್ದರೂ ಸ್ಟಿಯರಿಂಗ್ ನಡುಗುವುದಿಲ್ಲ, ಸುರತ್ಕಲ್‌ನಿಂದ ಪಡುಬಿದ್ರಿಯವರೆಗಿನ ನೇರ ರಸ್ತೆಯಲ್ಲಿ ಚಕ್ರ ನೇರವಾಗಿಯೇ ನಿಲ್ಲುತ್ತದೆ.

ಯಾಂತ್ರಿಕ ಬೋಟುಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಮೀನುಗಾರಿಕೆ ನಿಷೇಧವಿರುವುದರಿಂದ ಮೀನಿನ ಗಾಡಿಗಳೆಲ್ಲ ಆಗಲೇ ರಿಪೇರಿಗೆ ಬಂದು ಸಾಲು ನಿಲ್ಲುತ್ತವೆ. ತೆಂಗಿನಕಾಯಿ, ಕೆಂಪುಕಲ್ಲು, ತರಕಾರಿ ಸಾಗಿಸುವವರು ಆ ಎರಡು ತಿಂಗಳು ಬಿಟ್ಟು ಹೋಗುವುದು ಲೇಸು. ಬೆಳಿಗ್ಗೆ ಬೇಗ ಹೋಗಿ. ಅಡಿಭಾಗ ತೊಳೆಸಿಕೊಂಡೇ ಹೋಗಿ, ಕೆಸರು ಮೆತ್ತಿದ ಗಾಡಿಯ ಅಡಿಗೆ ಅವರು ಇಳಿಯುವುದಿಲ್ಲ.